ಕೊರಳ ಹಲಗೆಯೂ ರೈಲಿನ ವೇಳಾಪಟ್ಟಿಯೂ

ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಧರ್ಮಕೇಂದ್ರದ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ದೀಕ್ಷಾಸ್ನಾನದ ಪ್ರಮಾಣಪತ್ರಕ್ಕಾಗಿ ಬರುವ ತಾಯಂದಿರು. ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲವದು. ಕಳೆದ ವರ್ಷ ಹಾಗೆ ಬಂದ ಒಬ್ಬ ತಾಯಿ ಕಾಗದವನ್ನು ಕೈಗೆ ತೆಗೆದುಕೊಂಡ ಮೇಲೂ ಬಾಗಿಲಲ್ಲೇ ನಿಂತಿದ್ದರು. ಕನ್ನಡ ಶಾಲೆಯಲ್ಲಿ ಎರಡನೆಯ ತರಗತಿ ಮುಗಿಸಿದ್ದ ಮಗಳನ್ನು ಅವರು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸುತ್ತಿದ್ದರು. "ಫಾದರ್, ಮನೆಯಲ್ಲಿ ಇನ್ನು ಕನ್ನಡ ಮಾತಾಡಬೇಡಿ ಅಂತ ಸ್ಕೂಲಿನಲ್ಲಿ ಹೇಳಿದ್ದಾರೆ. ನನಗೂ ಅವರಪ್ಪನಿಗೂ ಇಂಗ್ಲಿಷ್ ಬರೋದಿಲ್ಲ. ಹಾಗಾದರೆ ಮಗೂ ಜೊತೆ ನಾವು ಏನು ಮಾತಾಡೋದು?" ಎಂದು ಕೇಳಿದರು.

ಅಂದು ನಾನು ಏನೋ ಸಮಾಧಾನದ ಮಾತು ಹೇಳಿ ಕಳುಹಿಸಿದೆ. ಆದರೆ ಆ ಪ್ರಶ್ನೆ ಹಲವು ದಿನ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣವೂ ಉಂಟು.

1983ರಲ್ಲಿ ಏಳನೆಯ ತರಗತಿ ಮುಗಿಸಿ ನಾನು ಹಳ್ಳಿಯಿಂದ ಒಂದು ವಿದ್ಯಾರ್ಥಿನಿಲಯಕ್ಕೆ ಸೇರಿದೆ. ಅಲ್ಲಿ ದಾರ ಪೋಣಿಸಿದ, ಅಂಗೈಯಗಲದ ಒಂದು ಮರದ ಹಲಗೆ ಇತ್ತು. ಬೆಳಿಗ್ಗೆ ಮೊದಲು ಯಾರು ಕನ್ನಡದಲ್ಲಿ ಮಾತನಾಡಿ ಸಿಕ್ಕಿಬೀಳುತ್ತಾರೋ ಅವರ ಕೊರಳಿಗೆ ಅದು ಬೀಳುತ್ತಿತ್ತು. ಅವನು ಬೇರೊಬ್ಬನ ಬಾಯಲ್ಲಿ ಕನ್ನಡ ಕೇಳಿದರೆ ಹಲಗೆಯನ್ನು ಅವನಿಗೆ ದಾಟಿಸಬಹುದು. ರಾತ್ರಿ ಊಟದ ಗಂಟೆ ಹೊಡೆದಾಗ ಅದು ಯಾರ ಕೊರಳಲ್ಲಿ ಇರುತ್ತದೋ ಅವನು ಎಲ್ಲರ ಪಾತ್ರೆಗಳನ್ನು ತೊಳೆಯಬೇಕು. ಇಂಗ್ಲಿಷ್ ಕಲಿಸಲು ಹೂಡಿದ ಆಟವಿದು ಎಂದು ನಮಗೆ ಹೇಳಲಾಗಿತ್ತು. ನಾವೂ ಅದನ್ನು ಆಟವೆಂದೇ ಕರೆಯುತ್ತಿದ್ದೆವು. ಆ ಆಟದಿಂದ ನಾನು ಕಲಿತದ್ದು ಎರಡು ವಿದ್ಯೆಗಳನ್ನು. ಒಂದು, ದಿನವಿಡೀ ಬಾಯಿ ಮುಚ್ಚಿಕೊಂಡು ಕೈಸನ್ನೆಯಲ್ಲೇ ಕಾಲ ತಳ್ಳುವುದು. ಇನ್ನೊಂದು, ಸಂಜೆಯಾಗುತ್ತಿದ್ದಂತೆ ಗೆಳೆಯನ ಹಿಂದೆ ಮೆಲ್ಲನೆ ಹೋಗಿ ಅವನ ಕಾಲನ್ನು ಗಟ್ಟಿಯಾಗಿ ತುಳಿಯುವುದು. ನೋವಾದಾಗ ಯಾರೂ ಇಂಗ್ಲಿಷಿನಲ್ಲಿ ಕೂಗುವುದಿಲ್ಲ. "ಅಮ್ಮಾ" ಎಂದರೆ ಸಾಕು, ಹಲಗೆ ಅವನದಾಗುತ್ತಿತ್ತು.

ಬಹುಕಾಲದವರೆಗೆ ಆ ಹಲಗೆ ನಮ್ಮ ನಿಲಯದವರದೇ ಕಲ್ಪನೆ ಎಂದು ನಾನು ತಿಳಿದಿದ್ದೆ. ಮುಂದೆ ಇತಿಹಾಸವನ್ನು ಓದುತ್ತಾ ಹೋದಂತೆ ಅದರ ವಂಶಾವಳಿ ಎಷ್ಟು ಉದ್ದದ್ದೆಂದು ತಿಳಿಯಿತು. ಅದರ ಬೇರು ಇರುವುದು ಇಂಗ್ಲಿಷಿನಲ್ಲಲ್ಲ, ಲತೀನ್ ಭಾಷೆಯಲ್ಲಿ ಎಂಬುದನ್ನು ನನ್ನಂಥವನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕು. ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ಯುರೋಪಿನ ಲತೀನ್ ಶಾಲೆಗಳಲ್ಲಿ ಮಕ್ಕಳು ತಮ್ಮ ಮನೆಮಾತನ್ನು ಆಡುವಂತಿರಲಿಲ್ಲ. ಯಾರು ಆಡಿದರೆಂದು ಗುರುಗಳಿಗೆ ತಿಳಿಸಲು ವಿದ್ಯಾರ್ಥಿಗಳಲ್ಲೇ ಗುಟ್ಟಾಗಿ ಒಬ್ಬನನ್ನು ನೇಮಿಸುವ ರೂಢಿ ಜರ್ಮನ್ ನಾಡುಗಳಲ್ಲಿತ್ತು. ಅವನಿಗೆ 'ಲೂಪುಸ್' ಎಂದು ಹೆಸರು, ಅಂದರೆ ತೋಳ. ಕುರಿಮಂದೆಯಂತಿರಬೇಕಾದ ತರಗತಿಯೊಳಗೆ ತೋಳವನ್ನು ನೇಮಿಸಿದವರು ಗುರುಗಳೇ!

ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಕ್ರಮ ವೇಲ್ಸ್ ನಾಡಿನಲ್ಲಿ ಮರದ ತುಂಡಾಗಿ ಕಾಣಿಸಿಕೊಂಡಿತು. ಅಲ್ಲಿನ ಮಕ್ಕಳ ಮನೆಮಾತು ವೆಲ್ಷ್. ಅದನ್ನು ಆಡಿದ ಮಗುವಿನ ಕೊರಳಿಗೆ ತೂಗುಹಾಕುತ್ತಿದ್ದ ತುಂಡನ್ನು 'ವೆಲ್ಷ್ ನಾಟ್' ಎನ್ನುತ್ತಿದ್ದರು. ಅದು ಒಬ್ಬರಿಂದೊಬ್ಬರಿಗೆ ದಾಟುತ್ತಾ ದಿನದ ಕೊನೆಗೆ ಯಾರಲ್ಲಿ ಉಳಿಯುತ್ತದೋ ಅವರಿಗೆ ಏಟು. ನಮ್ಮ ನಿಲಯದಲ್ಲಿ ಏಟಿನ ಬದಲು ಪಾತ್ರೆಗಳಿದ್ದವು, ವ್ಯತ್ಯಾಸ ಅಷ್ಟೇ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಬ್ರೆಟನ್ ಭಾಷೆಯನ್ನಾಡಿದ ಮಕ್ಕಳಿಗೂ ಇಂಥದೇ ಗುರುತುಗಳಿದ್ದವು. ಕೀನ್ಯಾ ದೇಶದ ಲೇಖಕ ಎನ್‌ಗೂಗಿ ವಾ ಥಿಯಾಂಗೊ 2025ರಲ್ಲಿ ತೀರಿಕೊಂಡರು. ತಮ್ಮ ಶಾಲೆಯಲ್ಲಿ ಗಿಕುಯು ಭಾಷೆಯನ್ನಾಡಿದ ಮಕ್ಕಳ ಕೈಗೆ ಒಂದು ಗುಂಡಿಯನ್ನು ಕೊಟ್ಟು, ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದ ಸಂಗತಿಯನ್ನು ಅವರು 1986ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಬರೆದಿದ್ದಾರೆ. ಮಕ್ಕಳು ತಮ್ಮವರನ್ನೇ ಹಿಡಿದುಕೊಡುವುದನ್ನು ಕಲಿತರು ಎಂಬುದು ಅವರ ಕೊರಗು. ಅದನ್ನು ಓದಿದಾಗ ನಾನು ತುಳಿದ ಕಾಲುಗಳೆಲ್ಲ ನೆನಪಾದವು.

ವೇಲ್ಸಿನ ಕಥೆಯಲ್ಲಿ ನಮ್ಮ ಕುಟುಂಬಗಳು ಗಮನಿಸಬೇಕಾದ ಒಂದು ಅಂಶವಿದೆ. ಆ ಮರದ ತುಂಡನ್ನು ಸರ್ಕಾರವು ಕಾನೂನು ಮಾಡಿ ಹೇರಿದ್ದಲ್ಲ. ಎಷ್ಟೋ ಊರುಗಳಲ್ಲಿ ತಂದೆತಾಯಂದಿರೇ ಅದನ್ನು ಒಪ್ಪಿದ್ದರು. ಇಂಗ್ಲಿಷ್ ಬಂದರೆ ಮಗ ಗಣಿಯಿಂದಲೋ ಹೊಲದಿಂದಲೋ ಮೇಲೆದ್ದು ಎಲ್ಲಾದರೂ ಒಂದು ಮೇಜಿನ ಮುಂದೆ ಕುಳಿತಾನು ಎಂಬ ಆಸೆ ಅವರದು. ಅದನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಆದರೆ ಫಲ ಏನಾಯಿತು? 1847ರಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ವೇಲ್ಸಿನ ಶಾಲೆಗಳ ಬಗ್ಗೆ ದೊಡ್ಡದೊಂದು ವರದಿ ಸಿದ್ಧಪಡಿಸಿದರು. ಅವರಿಗೆ ವೆಲ್ಷ್ ಭಾಷೆಯ ಮೇಲೆ ಎಳ್ಳಷ್ಟೂ ಪ್ರೀತಿಯಿರಲಿಲ್ಲ. ಮಕ್ಕಳು ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ, ಓದಿದ್ದು ಏನೆಂದು ಕೇಳಿದರೆ ಅವರಿಗೆ ಗೊತ್ತಿಲ್ಲ ಎಂದು ಅಂಥವರೂ ಬರೆಯಬೇಕಾಯಿತು. ಮನೆಯ ಮಾತಿಗೆ ಬೀಗ ಹಾಕಿದ್ದಾಯಿತು, ಶಾಲೆಯ ಮಾತಿನ ಬಾಗಿಲು ಮಾತ್ರ ತೆರೆಯಲಿಲ್ಲ.

ಈಗ ಬೆಂಗಳೂರಿಗೆ ಬರೋಣ. ನನ್ನ ಕೊರಳಿಗೆ ಹಲಗೆ ಬಿದ್ದ ಅದೇ 1983ರಲ್ಲಿ ಇಂಗ್ಲಿಷ್ ಕಲಿಸುವ ಇನ್ನೊಂದು ಬಗೆಯ ಆಟವು ನಮ್ಮದೇ ರಾಜ್ಯದ ರಾಜಧಾನಿಯಲ್ಲಿ ನಡೆಯುತ್ತಿತ್ತು. ಭಾಷಾಶಿಕ್ಷಣದ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಯೋಜನೆ' ಎಂಬ ಹೆಸರಿದೆ. ಹೊರದೇಶಗಳಲ್ಲಿ ಭಾಷಾಶಿಕ್ಷಕರಾಗಲು ಓದುವವರು ಬೆಂಗಳೂರಿನ ಹೆಸರನ್ನು ಈ ಕಾರಣಕ್ಕಾಗಿ ಬಲ್ಲರು. ಬೆಂಗಳೂರಿನಲ್ಲಿ ಬಲ್ಲವರನ್ನು ನಾನು ಅಷ್ಟಾಗಿ ಕಂಡಿಲ್ಲ.

ಅದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸ್ವಾತಂತ್ರ್ಯಾನಂತರ ಇಂಗ್ಲಿಷನ್ನು ನಮ್ಮ ಶಾಲೆಗಳಲ್ಲಿ ಹೇಗೆ ಕಲಿಸಬೇಕೆಂಬುದು ದೊಡ್ಡ ಸಮಸ್ಯೆಯಾಯಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಹುಟ್ಟಿದವು. ಐವತ್ತರ ದಶಕದಿಂದ ಶಾಲೆಗಳಲ್ಲಿ ನಡೆದುಬಂದದ್ದು ರಚನಾ ಪದ್ಧತಿ. ನಮ್ಮ ವಯಸ್ಸಿನವರಿಗೆಲ್ಲ ಅದು ನೆನಪಿದ್ದೀತು. ಮೇಷ್ಟ್ರು ಲೇಖನಿಯನ್ನು ಮೇಲೆತ್ತಿ "ದಿಸ್ ಈಸ್ ಎ ಪೆನ್" ಎನ್ನುವರು, ನಾವು ಒಕ್ಕೊರಲಿನಿಂದ ಅದನ್ನೇ ಕೂಗುವೆವು. ಬಾಗಿಲಿಗೆ ನಡೆಯುತ್ತಾ "ಐ ಆಮ್ ವಾಕಿಂಗ್ ಟು ದ ಡೋರ್" ಎನ್ನುವರು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ಒಂದೊಂದಾಗಿ ಬಾಯಿಗೆ ಕೂರಿಸುವುದು ಅದರ ತಿರುಳು. ಪಾಪ, ಅದನ್ನು ರೂಪಿಸಿದವರು ವಿದ್ವಾಂಸರೇ. ಅದಕ್ಕೆ ಹಿಂದಿದ್ದ ವ್ಯಾಕರಣದ ಉರುಹೊಡೆತಕ್ಕಿಂತ ಅದು ಮೇಲಾಗಿಯೂ ಇತ್ತು. ಆದರೆ ಆ ಕೋಣೆಯಲ್ಲಿದ್ದ ಅರವತ್ತು ಮಂದಿಗೂ ಅದು ಪೆನ್ ಎಂದು ಮೊದಲೇ ಗೊತ್ತಿತ್ತು. ಗೊತ್ತಿರುವುದನ್ನು ಗೊತ್ತಿರುವವರಿಗೆ ಹೇಳುವ ಮಾತು ಮಾತೇ ಅಲ್ಲ. ತರಗತಿಯಲ್ಲಿ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದ ಹುಡುಗನು ಹೊರಗೆ ಯಾರಾದರೂ ದಾರಿ ಕೇಳಿದರೆ ತಬ್ಬಿಬ್ಬಾಗುತ್ತಿದ್ದನು.

ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿ ಅಧಿಕಾರಿಯಾಗಿದ್ದ ಎನ್. ಎಸ್. ಪ್ರಭು ಎಂಬವರು ಈ ವಿಷಯವನ್ನು ಬಹಳ ಯೋಚಿಸಿದರು. ಮಗುವಿನ ಮನಸ್ಸು ಭಾಷೆಯ ಮೇಲಿಲ್ಲದೆ ಅರ್ಥದ ಮೇಲೆ ನೆಟ್ಟಿರುವಾಗಲೇ ಭಾಷೆಯ ರೂಪವು ಒಳಗಿಳಿಯುತ್ತದೆ ಎಂಬುದು ಅವರಿಗೆ ಹೊಳೆದ ಸಂಗತಿ. ಹಾಗಿದ್ದರೆ ತರಗತಿಯಲ್ಲಿ ಭಾಷೆಯನ್ನು ಪಾಠವಾಗಿ ಮಾಡುವುದೇ ಬೇಡ. ಮಕ್ಕಳಿಗೆ ಬಿಡಿಸಲು ಏನಾದರೊಂದು ಸಮಸ್ಯೆ ಕೊಡೋಣ, ಅದನ್ನು ಬಿಡಿಸಲು ಇಂಗ್ಲಿಷ್ ಬೇಕಾಗುವಂತೆ ಮಾಡೋಣ ಎಂದು ಅವರು ನಿಶ್ಚಯಿಸಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ಐದು ವರ್ಷ ಈ ಪ್ರಯೋಗ ನಡೆಯಿತು. ಬೆಂಗಳೂರಲ್ಲದೆ ಮದ್ರಾಸು, ಕಡಲೂರುಗಳಲ್ಲಿಯೂ ಅದರ ತರಗತಿಗಳಿದ್ದವು, ಒಟ್ಟು ಎಂಟು. ಪರಿಕರಗಳೆಂದರೆ ಸೀಮೆಸುಣ್ಣ, ಕರಿಹಲಗೆ, ಕಾಗದ, ಪೆನ್ಸಿಲು.

ಪಾಠ ಹೇಗಿರುತ್ತಿತ್ತೆಂದು ಹೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಉಪಾಧ್ಯಾಯರು ಕರಿಹಲಗೆಯ ಮೇಲೆ ರೈಲಿನ ವೇಳಾಪಟ್ಟಿಯನ್ನು ಬರೆಯುತ್ತಾರೆ ಎನ್ನೋಣ. ಮದ್ರಾಸಿನಿಂದ ಬೆಂಗಳೂರಿಗೆ ಹೊರಡುವ ರೈಲುಗಳು, ನಡುವಿನ ನಿಲ್ದಾಣಗಳು, ಹೊರಡುವ ಹೊತ್ತು, ತಲುಪುವ ಹೊತ್ತು. ಮೊದಲಿಗೆ ಇಡೀ ತರಗತಿಯೊಡನೆ ಇಂಗ್ಲಿಷಿನಲ್ಲಿ ಪ್ರಶ್ನೋತ್ತರ. ಈ ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ? ಈ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ? ಹಗಲು ಪ್ರಯಾಣಿಸಬೇಕೆನ್ನುವವರು ಯಾವುದನ್ನು ಹಿಡಿಯಬೇಕು? ಅದಾದ ಮೇಲೆ ಅಂಥದೇ ಮತ್ತೊಂದು ಪಟ್ಟಿ, ಅಂಥವೇ ಪ್ರಶ್ನೆಗಳು. ಈ ಸಲ ಪ್ರತಿಯೊಬ್ಬ ಮಗುವೂ ತನ್ನಷ್ಟಕ್ಕೆ ಓದಿ, ಯೋಚಿಸಿ ಉತ್ತರಿಸಬೇಕು. ಒಂದು ದಿನ ಊರಿನ ನಕ್ಷೆ, ಇನ್ನೊಂದು ದಿನ ತಿಂಗಳ ಪಂಚಾಂಗ, ಗಡಿಯಾರದ ಮುಖ, ಶಾಲೆಯ ವೇಳಾಪಟ್ಟಿ, ಹಣದ ಲೆಕ್ಕ, ಹೇಳಿದಂತೆ ಬಿಡಿಸಬೇಕಾದ ಚಿತ್ರ, ತಂತಿ ಸಂದೇಶ. ಅಂದಹಾಗೆ, ತಂತಿ ಸೇವೆಯು 2013ರಲ್ಲಿ ನಿಂತುಹೋಯಿತು. ಕಡಿಮೆ ಪದಗಳಲ್ಲಿ ಹೆಚ್ಚು ಅರ್ಥ ತುಂಬುವ ಅಂಥ ಅಭ್ಯಾಸಕ್ಕೆ ಇಂದಿನ ಮಕ್ಕಳಿಗೆ ಏನನ್ನು ಕೊಡಬಹುದೋ ತಿಳಿಯದು.

ಉತ್ತರಗಳಿಗೆ ಅಂಕ ಹಾಕುವ ಕ್ರಮವೇ ಇಲ್ಲಿ ನನ್ನನ್ನು ಹೆಚ್ಚು ಮೆಚ್ಚಿಸಿದ್ದು. ಮಗು ಬರೆದ ವಾಕ್ಯದಲ್ಲಿ ವ್ಯಾಕರಣ ತಪ್ಪಿದ್ದರೂ ರೈಲು ಸರಿಯಾಗಿದ್ದರೆ ಉತ್ತರ ಸರಿ. ವಾಕ್ಯ ಅಚ್ಚುಕಟ್ಟಾಗಿದ್ದು ರೈಲು ತಪ್ಪಿದ್ದರೆ ಉತ್ತರ ತಪ್ಪು. ತಪ್ಪು ಇಂಗ್ಲಿಷನ್ನು ಉಪಾಧ್ಯಾಯರು ಹಾಗೆಯೇ ಬಿಡುತ್ತಿದ್ದರೆಂದಲ್ಲ. ಮಗು ಹೇಳಿದ್ದನ್ನು ಒಪ್ಪಿಕೊಂಡು, ಅದನ್ನೇ ಸರಿಯಾದ ರೂಪದಲ್ಲಿ ತಾವು ಹೇಳುತ್ತಾ ಕರಿಹಲಗೆಯ ಮೇಲೆ ಬರೆದು ಮುಂದೆ ಸಾಗುತ್ತಿದ್ದರು. ನಮ್ಮ ತಾಯಂದಿರು ನಮಗೆ ಕನ್ನಡ ಕಲಿಸಿದ್ದೂ ಹೀಗೆಯೇ ಅಲ್ಲವೇ? ಮಗು "ತಾತ ಬಂತು" ಎಂದರೆ ತಾಯಿ "ಹೌದು ಕಂದ, ತಾತ ಬಂದರು" ಎನ್ನುತ್ತಾಳೆಯೇ ಹೊರತು ಲಿಂಗವಚನಗಳ ಪಾಠ ಹೇಳುವುದಿಲ್ಲ. ಇನ್ನು, ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಕೆಲಸದ ಅರ್ಧವನ್ನಾದರೂ ಸರಿಯಾಗಿ ಮಾಡಿದರೆ ಆ ಚಟುವಟಿಕೆಯ ಮಟ್ಟ ತಕ್ಕದ್ದೆಂದು ಎಣಿಸುತ್ತಿದ್ದರು. ಸುಲಭವಾದರೆ ಮಕ್ಕಳು ಆಕಳಿಸುವರು, ಬಹಳ ಕಷ್ಟವಾದರೆ ಕೈಚೆಲ್ಲುವರು.

ಪ್ರಭು ಅವರು ಚಟುವಟಿಕೆಗಳಲ್ಲಿ ಮೂರು ಬಗೆ ಗುರುತಿಸಿದರು. ಒಬ್ಬರಿಗೆ ತಿಳಿದದ್ದನ್ನು ತಿಳಿಯದವರಿಗೆ ತಲುಪಿಸುವುದು ಒಂದು. ಕೊಟ್ಟ ಸಂಗತಿಗಳಿಂದ ಯೋಚಿಸಿ ಹೊಸದನ್ನು ಕಂಡುಕೊಳ್ಳುವುದು ಇನ್ನೊಂದು. ತನ್ನ ಅಭಿಪ್ರಾಯ ಹೇಳುವುದು ಮೂರನೆಯದು. ಎರಡನೆಯದೇ ತರಗತಿಗೆ ಹೆಚ್ಚು ಹೊಂದುವಂಥದ್ದೆಂದು ಅನುಭವದಿಂದ ಕಂಡರು. ನಮ್ಮ ಅಜ್ಜಿಯರ ಒಗಟುಗಳೂ ಇದೇ ಜಾತಿಯವು. ಒಗಟು ಬಿಡಿಸುವ ಮಗುವಿಗೆ ತಾನು ಕನ್ನಡ ಕಲಿಯುತ್ತಿದ್ದೇನೆಂಬ ಎಚ್ಚರವೇ ಇರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಇಂದಿನ ಚಟುವಟಿಕೆ ಪುಸ್ತಕಗಳಿಗೂ ಪ್ರಭು ಅವರಿಗೂ ಹೊಂದಾಣಿಕೆಯಿಲ್ಲ. ಮಕ್ಕಳನ್ನು ಗುಂಪುಗಳಾಗಿ ಕೂರಿಸಿ ಅವರವರೇ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವುದನ್ನು ಅವರು ಬೇಡವೆಂದರು; ಒಬ್ಬರ ಅರೆಬರೆ ಭಾಷೆಯನ್ನೇ ಇನ್ನೊಬ್ಬರು ಕಲಿತಾರೆಂಬ ಅಂಜಿಕೆ ಅವರಿಗಿತ್ತು. ಭಾನುವಾರದ ಧರ್ಮೋಪದೇಶ ತರಗತಿಗಳಲ್ಲಿ ಮಕ್ಕಳು ಪರಸ್ಪರ ಕಲಿಸುವುದನ್ನು ನೋಡಿರುವ ನನಗೆ ಈ ಅಂಜಿಕೆ ಅತಿಯಾಯಿತೆಂದೇ ತೋರುತ್ತದೆ.

ಪ್ರಯೋಗ ಫಲಿಸಿತೇ? ಎಡಿನ್‌ಬರೊ ವಿಶ್ವವಿದ್ಯಾಲಯದ ಅಲನ್ ಡೇವಿಸ್ ಮತ್ತು ಅಲನ್ ಬೆರೆಟಾ ಎಂಬ ಇಬ್ಬರು ವಿದ್ವಾಂಸರು 1984ರಲ್ಲಿ ಪ್ರಯೋಗದ ತರಗತಿಗಳನ್ನೂ ಅದೇ ಶಾಲೆಗಳ ಸಾಮಾನ್ಯ ತರಗತಿಗಳನ್ನೂ ಪರೀಕ್ಷಿಸಿ ಮರುವರ್ಷ ಫಲಿತಾಂಶ ಪ್ರಕಟಿಸಿದರು. ವಾಕ್ಯದ ಅಚ್ಚುಗಳನ್ನು ಕೇಳುವ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಒಟ್ಟಿನಲ್ಲಿ ಮುಂದಿದ್ದರು. ಚಟುವಟಿಕೆಯ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಇದರಲ್ಲಿ ಅಚ್ಚರಿಯೇನೂ ಇಲ್ಲ, ಬಿತ್ತಿದ್ದೇ ಬೆಳೆದಿದೆ. ಆದರೆ ಯಾರೂ ಪಾಠವಾಗಿ ಹೇಳಿಕೊಡದ ವ್ಯಾಕರಣದ ರೂಪಗಳನ್ನು ಪ್ರಯೋಗದ ಮಕ್ಕಳು ತಾವಾಗಿಯೇ ದಕ್ಕಿಸಿಕೊಂಡಿದ್ದರೆಂಬುದೂ ಕಂಡುಬಂತು. ಮಕ್ಕಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ ನಡೆಸಿದ ಪರೀಕ್ಷೆ ಇದಲ್ಲವಾದ್ದರಿಂದ ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕೆಂಬ ಮಾತು ಆಗಲೇ ಬಂದಿತು. ಅದು ನ್ಯಾಯವೂ ಹೌದು.

ಬೆರೆಟಾ ಅವರು 1990ರಲ್ಲಿ ಪ್ರಕಟಿಸಿದ ಇನ್ನೊಂದು ಬರಹದಲ್ಲಿ ಕಹಿಯಾದ ಸಂಗತಿಯಿದೆ. ಸಂಸ್ಥೆಗಳಿಂದ ಬಂದ ಪರಿಣತರು ಕಲಿಸಿದಾಗ ಪದ್ಧತಿ ಚೆನ್ನಾಗಿ ನಡೆದಿತ್ತು. ಶಾಲೆಯ ನಿತ್ಯದ ಉಪಾಧ್ಯಾಯರಿಗೆ ಅದು ಅಷ್ಟಾಗಿ ಒಗ್ಗಲಿಲ್ಲ. ಮಕ್ಕಳು ಎಲ್ಲಿಂದ ಯಾವ ಪ್ರಶ್ನೆ ಎತ್ತುವರೋ ಹೇಳಲಾಗದ ತರಗತಿಯಲ್ಲಿ ಪುಸ್ತಕದ ಆಸರೆಯಿಲ್ಲದೆ ಇಂಗ್ಲಿಷಿನಲ್ಲಿ ನಿಲ್ಲಬೇಕಾದರೆ ಉಪಾಧ್ಯಾಯರಿಗೆ ಆ ಭಾಷೆಯಲ್ಲಿ ಧೈರ್ಯ ಬೇಕು. ಆ ಧೈರ್ಯವನ್ನು ಅವರಿಗೆ ಯಾರು ಕೊಟ್ಟಿದ್ದರು? ಅವರೂ "ದಿಸ್ ಈಸ್ ಎ ಪೆನ್" ಕೂಗಿಯೇ ಬೆಳೆದವರು. ಹಲಗೆಯ ಆಟಕ್ಕೆ ಒಂದು ಮರದ ತುಂಡು ಸಾಕು. ವೇಳಾಪಟ್ಟಿಯ ಆಟಕ್ಕೆ ತಯಾರಾದ ಗುರುಗಳು ಬೇಕು. ಯಾವುದು ಹೆಚ್ಚು ಶಾಲೆಗಳಿಗೆ ಹಬ್ಬಿತು ಎಂದು ಬೇರೆ ಹೇಳಬೇಕಿಲ್ಲ.

ಆ ಐದು ವರ್ಷಗಳಲ್ಲಿ ಕರ್ನಾಟಕದ ಗಮನವೆಲ್ಲ ಬೇರೆಡೆ ಇತ್ತು. 1981ರ ಜನವರಿಯಲ್ಲಿ ಗೋಕಾಕ್ ಸಮಿತಿಯ ವರದಿ ಬಂತು. 1982ರಲ್ಲಿ ಕನ್ನಡಕ್ಕಾಗಿ ನಾಡೇ ಬೀದಿಗಿಳಿಯಿತು, ರಾಜ್‌ಕುಮಾರ್ ಅವರು ಚಳವಳಿಯ ಮುಂದೆ ನಿಂತರು. ಆ ಚಳವಳಿಗೆ ಹೆಸರು ಕೊಟ್ಟ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಮೇಲೆ ಹೇಳಿದ ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಕನ್ನಡವನ್ನು ಎತ್ತಿಹಿಡಿಯಲು ಇಂಗ್ಲಿಷನ್ನು ಬಿಡಬೇಕಿಲ್ಲ, ಇಂಗ್ಲಿಷ್ ಕಲಿಯಲು ಕನ್ನಡವನ್ನು ಬಿಡಬೇಕಿಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿಯಾಗಿತ್ತು. ಬೀದಿಯಲ್ಲಿ ಯಾವ ಭಾಷೆ ಎಂಬ ಚರ್ಚೆ ಕಾವೇರಿದ್ದಾಗ, ಹೇಗೆ ಕಲಿಸುವುದೆಂಬ ಪ್ರಶ್ನೆಗೆ ಕೆಲವು ತರಗತಿಗಳಲ್ಲಿ ಸದ್ದಿಲ್ಲದೆ ಉತ್ತರ ಹುಡುಕಲಾಗುತ್ತಿತ್ತು.

ಪ್ರಭು ಅವರು ಮುಂದೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಪ್ರಯೋಗದ ಅನುಭವವನ್ನು ಬರೆದ ಅವರ ಪುಸ್ತಕ 1987ರಲ್ಲಿ ಹೊರಬಂತು. ಚಟುವಟಿಕೆಯ ಮೂಲಕ ಭಾಷೆ ಕಲಿಸುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆಯಿತು. ಇಷ್ಟಾದರೂ, ಎಲ್ಲರಿಗೂ ಹೊಂದುವ ಒಂದೇ ಶ್ರೇಷ್ಠ ವಿಧಾನವೆಂಬುದು ಇಲ್ಲವೆಂದು 1990ರಲ್ಲಿ ವಾದಿಸಿದವರೂ ಅವರೇ. ತಾನು ಮಾಡುತ್ತಿರುವುದು ಮಕ್ಕಳಿಗೆ ನಿಜವಾಗಿಯೂ ಹತ್ತುತ್ತಿದೆ ಎಂಬ ನಂಬಿಕೆ ಉಪಾಧ್ಯಾಯರಲ್ಲಿ ಜೀವಂತವಾಗಿರುವುದು ಮುಖ್ಯವೆಂದು ಅವರು ಹೇಳಿದರು. ನಮ್ಮಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯು ಬೇರೆ ದಾರಿಯಿಂದ ಬಂದರೂ ಆಡುತ್ತಾ ಕಲಿಯುವುದನ್ನು ಹಳ್ಳಿಯ ಶಾಲೆಗಳಿಗೆ ತಂದಿತು. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಆದರೂ "ಮನೆಯಲ್ಲಿ ಕನ್ನಡ ಮಾತಾಡಬೇಡಿ" ಎಂಬ ಮಾತು ಇಂದಿಗೂ ಶಾಲೆಯ ಬಾಗಿಲಲ್ಲಿ ಕೇಳಿಬರುತ್ತಿದೆ. ಈಗ ಹಲಗೆ ಕಣ್ಣಿಗೆ ಕಾಣುವುದಿಲ್ಲ. ಮಗುವಿನ ಜೊತೆಗೆ ತಾಯಿಯ ಕೊರಳಿಗೂ ಅದು ಬಿದ್ದಿದೆ.

ನಾನು ಆ ತಾಯಿಯನ್ನು ಮತ್ತೆ ಕರೆಸಿ, ಮನೆಯಲ್ಲಿ ಕನ್ನಡವನ್ನೇ ಮಾತಾಡಿ, ಚೆನ್ನಾಗಿ ಮಾತಾಡಿ, ಮಗಳನ್ನು ಭಾನುವಾರ ಬಲಿಪೂಜೆಯ ನಂತರ ನನ್ನ ಬಳಿ ಕಳುಹಿಸಿ ಎಂದೆ. ನಾನು ಪರಿಣತನಲ್ಲ. ಪ್ರಭು ಅವರ ದಾರಿಯಲ್ಲಿ ಏನಾದರೂ ಮಾಡಿ ನೋಡುವ ಆಸೆ, ಅಷ್ಟೇ. ನಮ್ಮೂರಿಗೆ ರೈಲಿಲ್ಲ. ಆದ್ದರಿಂದ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಬರೆದುಕೊಂಡು ಬಂದು ಸಭಾಂಗಣದ ಕರಿಹಲಗೆಯ ಮೇಲೆ ಹಾಕಿದೆ. ಎಂಟು ಗಂಟೆಯ ಬಲಿಪೂಜೆಗೆ ಬರಬೇಕಾದ ಅಜ್ಜಿ ಯಾವ ಬಸ್ಸು ಹತ್ತಬೇಕು ಎಂಬುದು ಪ್ರಶ್ನೆ. ಎಂಟು ಹತ್ತು ಮಕ್ಕಳು ಸೇರಿದ್ದರು. ಆ ಹುಡುಗಿ ಪಟ್ಟಿಯನ್ನು ಬಹಳ ಹೊತ್ತು ನೋಡಿ, "ಫಾದರ್, ಸೆಕೆಂಡ್ ಬಸ್ ನಾಟ್ ಗುಡ್. ಮಾಸ್ ಫಿನಿಶ್" ಎಂದಳು. ಉತ್ತರ ಸರಿಯಾಗಿತ್ತು. ಅದನ್ನೇ ನೆಟ್ಟಗಿನ ಇಂಗ್ಲಿಷಿನಲ್ಲಿ ಹೇಳುತ್ತಾ ಹಲಗೆಯ ಮೇಲೆ ಬರೆದೆ.

ಬಾಗಿಲ ಬಳಿ ನಿಂತಿದ್ದ ತಾಯಿ ಅಷ್ಟರಲ್ಲಿ, "ಅಲ್ಲ ಪುಟ್ಟಿ, ಮೊದಲನೇ ಬಸ್ಸು ಭಾನುವಾರ ಬರೋದೇ ಇಲ್ಲವಲ್ಲ, ಮರೆತೆಯಾ?" ಎಂದರು. ಹುಡುಗಿ ತಾಯಿಯ ಕಡೆ ನೋಡಿ, ನನ್ನ ಕಡೆ ತಿರುಗಿ, "ಫಾದರ್, ಸಂಡೇ ಫಸ್ಟ್ ಬಸ್ ನೋ ಕಮ್!" ಎಂದಳು. ಉಳಿದ ಮಕ್ಕಳೆಲ್ಲ ಒಟ್ಟಿಗೆ ಗದ್ದಲವೆಬ್ಬಿಸಿದರು, ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಪಟ್ಟಿಯಿಂದ ಮೊದಲನೆಯ ಬಸ್ಸನ್ನು ಅಳಿಸಿ, ಅಜ್ಜಿಯನ್ನು ಕರೆತರುವ ಬೇರೆ ದಾರಿಯನ್ನು ನಾವು ಮೊದಲಿನಿಂದ ಹುಡುಕಬೇಕಾಯಿತು.